ಬೇರು ತೊಳೆದ ನೀರು

ನಮ್ಮ ಮನೆತನದಲ್ಲಿ ಇಬ್ಬರು ಮೊಂಡರು. ಒಬ್ಬ ನನ್ನ ಅಪ್ಪ, ಇನ್ನೊಬ್ಬಳು ಅವನ ತಂಗಿ. ಅಪ್ಪ ದರ್ಜಿ. ಗಿರಾಕಿ ಕೇಳಿದ ಕಾಲರ್ ಬಿಟ್ಟು ತನಗೆ ಸರಿ ಕಂಡ ಕಾಲರ್ ಹೊಲಿಯುತ್ತಾನೆ, ಬೈಸಿಕೊಳ್ಳುತ್ತಾನೆ, ಮುಂದಿನ ಸಲವೂ ಹಾಗೇ ಹೊಲಿಯುತ್ತಾನೆ. ಅತ್ತೆ ಅವನನ್ನೂ ಮೀರಿಸಿದವಳು. ಮದುವೆಯ ಮಾತು ತಂದವರಿಗಾಗಲಿ, ಬುದ್ಧಿ ಹೇಳಲು ಬಂದ ನೆಂಟರಿಗಾಗಲಿ, ಕೆಲಸದ ಜಾಗದ ದೊಡ್ಡವರಿಗಾಗಲಿ ಅವಳು ಸೊಪ್ಪು ಹಾಕಿದ್ದನ್ನು ನಾನು ನೋಡಿಲ್ಲ. ಮಾತು ಕಲಿತಾಗಿನಿಂದ ಅವಳನ್ನು ನಾನು ಕರೆದದ್ದು ಮೊಂಡತ್ತೆ ಎಂದೇ. ಆ ಹೆಸರು ಕೇಳಿದರೆ ಅವಳಿಗೆ ಸಿಟ್ಟು ಬರುವುದಿಲ್ಲ, ಯಾರೋ ಬಿರುದು ಕೊಟ್ಟ ಹಾಗೆ ನಗುತ್ತಾಳೆ.

ಅವಳ ಬಗ್ಗೆ ಬರೆಯುತ್ತಿದ್ದೇನೆ ಎಂದಾಗ, "ಹೊಗಳಬೇಡ, ತಪ್ಪು ಬರೆದ್ರೆ ಬಿಡಲ್ಲ" ಅಂದಿದ್ದಾಳೆ. ಹಾಗಾಗಿ ನಡೆದದ್ದನ್ನಷ್ಟೇ ಹೇಳುತ್ತೇನೆ. ಮಧ್ಯೆ ನನಗೆ ಸಿಟ್ಟು ಬಂದರೆ ಅದನ್ನೂ ಹೇಳುತ್ತೇನೆ, ನಾನೂ ಅದೇ ಮನೆಯವಳು.

ಅತ್ತೆ ಕೆಲಸ ಮಾಡುತ್ತಿದ್ದದ್ದು ಊರ ಅಂಚಿನ ಒಂದು ಸಂಶೋಧನಾಲಯದಲ್ಲಿ. ಮೇಲಿನ ಮಹಡಿಯ ಉದ್ದನೆಯ ಕೋಣೆ, ಗೋಡೆಗೆ ಆತು ನಿಂತ ಫ್ರಿಜ್ಜುಗಳ ಗುಂಯ್ ಶಬ್ದ, ಕಿಟಕಿ ಪಕ್ಕ ಕಲೆ ಹಿಡಿದ ತೊಟ್ಟಿ, ಅದರ ಮೇಲೆ ಸದಾ ಸೋರುವ ನಲ್ಲಿ. ಅವಳ ಬಿಳಿ ಕೋಟನ್ನು ಹೊಲಿಯುತ್ತಿದ್ದವನು ಅಪ್ಪ. ಅಂಗಡಿಯಲ್ಲಿ ಸಿಗುವ ಕೋಟಿನ ಜೇಬು ಮೇಲುಮೇಲಕ್ಕೆ ಇರುತ್ತದೆ, ಬಗ್ಗಿದರೆ ಪೆನ್ನು, ಕನ್ನಡಕ, ಬೀಗದ ಕೈ ಎಲ್ಲ ನೆಲಕ್ಕೆ. ಅದಕ್ಕೇ ಅಪ್ಪ ಅವಳ ಕೋಟಿಗೆ ಮೊಣಕೈವರೆಗೂ ಕೈ ಇಳಿಯುವಂಥ ಜೇಬು ಇಡುತ್ತಿದ್ದ. "ಇದು ಜೇಬಲ್ಲ, ಗೋಣಿಚೀಲ" ಎಂದು ಅಮ್ಮ ನಗುತ್ತಿದ್ದಳು.

ಅಲ್ಲಿ ಅವಳು ಏನು ಮಾಡುತ್ತಿದ್ದಳು ಎಂಬುದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ನಮ್ಮ ಮೈಯಲ್ಲಿ ಕಾವಲು ಕಾಯುವ ಜೀವಕೋಶಗಳಿವೆ. ಬ್ಯಾಕ್ಟೀರಿಯಾ ಒಳಗೆ ನುಗ್ಗಿದರೆ ಅವು ಹೋಗಿ ಅದನ್ನು ನುಂಗಿಬಿಡುತ್ತವೆ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಈ ಕಾವಲಿನವು ಸೋಮಾರಿಗಳಾಗುತ್ತವೆ. ಅವುಗಳನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವಂಥದ್ದು ಯಾವುದಾದರೂ ಗಿಡದಲ್ಲಿ ಇದೆಯೇ? ಇದು ಅತ್ತೆಯ ಪ್ರಶ್ನೆ. ಎಲೆ, ತೊಗಟೆ, ಬೀಜ ಎಲ್ಲವನ್ನೂ ಅರೆದು, ಕುದಿಸಿ, ಸೋಸಿ ನೋಡಿದ ಮೇಲೆ ಅವಳಿಗೆ ಒಂದು ಕಹಿಬೇರು ಸಿಕ್ಕಿತು. ಅದರ ರಸದ ಹನಿ ಬಿದ್ದ ಗಾಜಿನ ಬಟ್ಟಲಿನಲ್ಲಿ ಜೀವಕೋಶಗಳು ಬರಗೆಟ್ಟವರ ಹಾಗೆ ಬ್ಯಾಕ್ಟೀರಿಯಾಗಳನ್ನು ನುಂಗಿದವು. ರಸವನ್ನು ಎಷ್ಟು ಕುದಿಸಿದರೂ ಅದರ ಶಕ್ತಿ ಕುಂದಲಿಲ್ಲ. ಬೆಂಕಿಗೂ ಜಗ್ಗದ ವಸ್ತು ಎಂದು ಅವಳ ಮುಖ್ಯಸ್ಥರು ಹಿರಿಹಿರಿ ಹಿಗ್ಗಿದರು.

ಪತ್ರಿಕೆಯಲ್ಲಿ ಫೋಟೋ ಬಂತು. ಅತ್ತೆ ಕೈಯಲ್ಲಿ ಒಂದು ಬೇರು ಹಿಡಿದುಕೊಂಡು, ಯಾರೋ ಬಲವಂತ ಮಾಡಿ ನಗಿಸಿದ ಮುಖದಲ್ಲಿ ನಿಂತಿದ್ದಳು. ಅಪ್ಪ ಅದನ್ನು ಕತ್ತರಿಸಿ, ಗಾಜು ಹಾಕಿಸಿ, ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ. ಬಂದ ಗಿರಾಕಿಯ ಅಳತೆ ತೆಗೆಯುವ ಮೊದಲು ಕತೆ ಹೇಳುತ್ತಿದ್ದ. ಒಬ್ಬಾತನಿಗಂತೂ ಮೂರು ಸಲ ಹೇಳಿದ. ಪಾಪ, ಆ ಮನುಷ್ಯ ಪ್ಯಾಂಟಿನ ತುದಿ ಮಡಚಿಸಿಕೊಳ್ಳಲು ಬಂದಿದ್ದ. ಅತ್ತೆ ಓದಲು ಹೊರಟಾಗ ನೆಂಟರೆಲ್ಲ ಮೂಗು ಮುರಿದಿದ್ದರು. ಬೆನ್ನಿಗೆ ನಿಂತವನು ಅಪ್ಪ ಒಬ್ಬನೇ. ಈ ಫೋಟೋ ಅವರೆಲ್ಲರಿಗೆ ಅವನು ಕೊಟ್ಟ ಉತ್ತರ.

ಅಪ್ಪನಿಗೆ ಸಕ್ಕರೆ ಕಾಯಿಲೆ. ಪಾದದಲ್ಲಿ ಸ್ಪರ್ಶವೇ ಕಡಿಮೆ. ಒಂದು ದಿನ ಅಂಗಡಿಯ ನೆಲಕ್ಕೆ ಬಿದ್ದ ಗುಂಡುಸೂಜಿ ಬಲಗಾಲಿನ ಹೆಬ್ಬೆರಳ ಬುಡಕ್ಕೆ ಚುಚ್ಚಿಕೊಂಡಿದೆ. ಅವನಿಗೆ ಗೊತ್ತೇ ಆಗಿಲ್ಲ, ಸಂಜೆತನಕ ಅದರ ಮೇಲೇ ಪೆಡಲ್ ತುಳಿದಿದ್ದಾನೆ. ಆಮೇಲೆ ಅದು ಹುಣ್ಣಾಯಿತು, ಹುಣ್ಣು ಕೀವಾಯಿತು. ಆಸ್ಪತ್ರೆಯವರು ಮಾತ್ರೆ ಬರೆದುಕೊಟ್ಟು, ತಪ್ಪದೆ ಡ್ರೆಸಿಂಗಿಗೆ ಬರಬೇಕು ಎಂದರು. ಅಪ್ಪ ತಲೆಯಾಡಿಸಿ ಬಂದ. ಮಾತ್ರೆ ತಗೊಂಡೆಯಾ ಎಂದು ನಾವು ಕೇಳಿದಾಗಲೆಲ್ಲ "ಹೂಂ, ಹೂಂ" ಅನ್ನುತ್ತಿದ್ದ. ಬೆಳಿಗ್ಗೆ ಮಾತ್ರ ಮುಖ ಸಿಂಡರಿಸಿಕೊಂಡು ಕಹಿಬೇರಿನ ಕಷಾಯ ಕುಡಿಯುತ್ತಿದ್ದ. ಪತ್ರಿಕೆಯಲ್ಲಿ ಬಂದ ಮೇಲೆ ಮಾರುಕಟ್ಟೆಯಲ್ಲಿ ಆ ಬೇರಿನ ರಾಶಿಯೇ ಬಿದ್ದಿತ್ತು. "ನಾನಿನ್ನೂ ಬಟ್ಟಲಲ್ಲಿ ನೋಡ್ತಿರೋದು ಅಣ್ಣ, ಮನುಷ್ಯರಿಗೆ ಕೊಟ್ಟು ನೋಡಿಲ್ಲ. ಕಷಾಯ ಕುಡಿದ್ರೆ ಕುಡಿ, ಮಾತ್ರೆ ಬಿಡ್ಬೇಡ" ಎಂದು ಅತ್ತೆ ಹೇಳಿದ್ದಳು. ಅದಕ್ಕೂ ಅವನದು "ಹೂಂ, ಹೂಂ".

ಇತ್ತ ಸಂಶೋಧನಾಲಯದಲ್ಲಿ ಒಂದು ತೊಡಕು ಹುಟ್ಟಿತು. ಮುಖ್ಯಸ್ಥರು ಬೇರಿನ ಸಾರದಿಂದ ಮಾತ್ರೆ ಮಾಡಿಸುವ ಏರ್ಪಾಡಿನಲ್ಲಿದ್ದರು. ಮಣ್ಣಿನ ಬೇರು ಒಂದೊಂದು ಸಲ ಒಂದೊಂದು ಥರ ಇರುತ್ತದೆ ಎಂದು ಅತ್ತೆ ಅದೇ ಗಿಡವನ್ನು ಮಣ್ಣಿಲ್ಲದೆ, ಗಾಜಿನ ಸೀಸೆಯೊಳಗೆ, ಸ್ವಚ್ಛವಾದ ನೀರಿನಲ್ಲಿ ಬೆಳೆಸಿದಳು. ಬೇರು ಹಾಲಿನಷ್ಟು ಬೆಳ್ಳಗೆ ಬಂತು. ಅದರ ರಸವೂ ಅಷ್ಟೇ ಕಹಿ. ಆದರೆ ಬಟ್ಟಲಿಗೆ ಹಾಕಿದರೆ ಜೀವಕೋಶಗಳು ಕ್ಯಾರೇ ಅನ್ನಲಿಲ್ಲ.

"ಮಣ್ಣಿನ ಸತ್ವ ಇಲ್ಲ, ಅದಕ್ಕೇ" ಎಂದರು ಮುಖ್ಯಸ್ಥರು. ಎಲ್ಲರಿಗೂ ಒಪ್ಪಿಗೆಯಾಯಿತು. ಮೊಂಡತ್ತೆಗೆ ಆಗಲಿಲ್ಲ. ಮಣ್ಣಿನ ಸತ್ವ ಅಂದರೆ ಏನು, ತೋರಿಸಿ ಎಂದು ಅವಳ ಹಟ. ತೊಟ್ಟಿಯಲ್ಲಿ ಬೇರು ತೊಳೆಯುತ್ತ ನಿಂತವಳಿಗೆ ಕೆಂಪಗೆ ಹರಿದುಹೋಗುತ್ತಿದ್ದ ನೀರಿನ ಮೇಲೆ ಕಣ್ಣು ಬಿತ್ತು. ಒಂದು ಲೋಟದಷ್ಟು ಹಿಡಿದಿಟ್ಟಳು. ಬೇರಿನ ರಸಕ್ಕೆ ಏನೇನು ಮಾಡುತ್ತಿದ್ದಳೋ ಅದಷ್ಟನ್ನೂ ಆ ಕೊಳೆನೀರಿಗೆ ಮಾಡಿದಳು: ಕುದಿಸಿದಳು, ಸೋಸಿದಳು, ಬಟ್ಟಲಿಗೆ ಹನಿ ಹಾಕಿದಳು.

ಜೀವಕೋಶಗಳು ಎದ್ದು ಕೂತವು. ರಸ ಹಾಕಿದಾಗ ಹೇಗೋ ಹಾಗೇ, ಸ್ವಲ್ಪ ಜಾಸ್ತಿಯೇ ನುಂಗಿದವು.

ಆದದ್ದು ಇಷ್ಟು. ಮಣ್ಣಿನಲ್ಲಿ ಬ್ಯಾಕ್ಟೀರಿಯಾ ತುಂಬಿ ತುಳುಕುತ್ತಿರುತ್ತವೆ, ಬೇರಿಗೂ ಅಂಟಿಕೊಂಡಿರುತ್ತವೆ. ಕುದಿಸಿದರೆ ಅವು ಸಾಯುತ್ತವೆ, ಆದರೆ ಅವುಗಳ ಹೊದಿಕೆಯ ಚೂರುಗಳು ಹಾಗೇ ಉಳಿಯುತ್ತವೆ. ಸಾಮಾನ್ಯ ಕುದಿತಕ್ಕೆ ಅವು ಜಗ್ಗುವುದಿಲ್ಲ, ಸೋಸಿದರೆ ನುಸುಳಿಕೊಂಡು ಬರುತ್ತವೆ. ಜೀವಕೋಶ ಎಚ್ಚರಗೊಂಡದ್ದು ಆ ಚೂರುಗಳನ್ನು ಕಂಡು. ಬೇರಿಗೂ ಅದಕ್ಕೂ ಸಂಬಂಧವಿರಲಿಲ್ಲ. ಅತ್ತೆ ಅಲ್ಲಿಗೂ ಬಿಡಲಿಲ್ಲ. ಅಂಥ ಚೂರುಗಳನ್ನು ಮಾತ್ರ ಹಿಡಿದಿಟ್ಟುಕೊಳ್ಳುವ ಒಂದು ಪುಡಿ ಇದೆಯಂತೆ, ಅದರ ಮೂಲಕ ಬೇರಿನ ರಸವನ್ನು ಹಾಯಿಸಿದಳು. ಕಹಿ ಹಾಗೇ ಇತ್ತು, ಶಕ್ತಿ ಪೂರ್ತಿ ಹೋಗಿತ್ತು. ಅವಳ ಅಷ್ಟು ವರ್ಷದ ದುಡಿಮೆ ಆ ತೊಟ್ಟಿಯ ತೂತಿನಲ್ಲಿ ಹರಿದುಹೋಯಿತು. ಅವತ್ತು ಅತ್ತಳಂತೆ. ಅತ್ತು, ಮುಖ ತೊಳೆದುಕೊಂಡು, ಮುಖ್ಯಸ್ಥರ ಕೋಣೆಗೆ ಹೋದಳು.

ಅಲ್ಲಿ ನಡೆದದ್ದನ್ನು ಅವಳು ನಮ್ಮ ಅಂಗಡಿಯ ಸ್ಟೂಲಿನ ಮೇಲೆ ಕೂತು, ಮುಖ್ಯಸ್ಥರ ದನಿಯಲ್ಲೇ ಆಡಿ ತೋರಿಸಿದಳು.

"ನೋಡಿ ಮೇಡಂ, ಈಗ ಆ ವಿಷಯ ಎತ್ತೋದು ಬೇಡ. ಬೇಡ ಅಂತಲೂ ಅಲ್ಲ, ಸ್ವಲ್ಪ ತಡೀರಿ. ಪರಿಣಾಮ ಕಾಣ್ತಾ ಇದೆ ತಾನೇ? ಯಾವುದರಿಂದ ಅನ್ನೋದು ಆಮೇಲೆ ನೋಡೋಣ."

ಅಡ್ಡಗೋಡೆಯ ಮೇಲೆ ದೀಪ ಇಡುವ ಈ ಮಾತು ಅತ್ತೆಯ ಮುಂದೆ ನಡೆಯಲಿಲ್ಲ.

"ಕಳ್ಳನ ಚಪ್ಪಲಿ ಕಂಡು ನಾಯಿ ಬೊಗಳಿದೆ ಸರ್. ನಾವು ಆ ಚಪ್ಪಲೀನ ಔಷಧ ಅಂತ ಮಾರೋಕೆ ಹೊರಟಿದೀವಿ."

"ಯಾರಿಗೆ ಏನು ತೊಂದರೆ ಆಯ್ತು ಹೇಳಿ? ಕುಡಿದೋರು ಯಾರೂ ಸತ್ತಿಲ್ಲವಲ್ಲ."

ಇದನ್ನು ಹೇಳುವಾಗ ಅತ್ತೆಯ ಕೋಟಿನ ಗುಂಡಿ ಒಂದು ಜೋತಾಡುತ್ತಿತ್ತು. ಎಳೆದಾಡಿ ಕಿತ್ತೇ ಬಿಟ್ಟಳು. "ಇರು, ನಾನೇ ಹುಡುಕ್ಕೋತೀನಿ" ಎಂದು ಅಪ್ಪನ ಗುಂಡಿ ಡಬ್ಬಿಗೆ ಕೈಹಾಕಿದಳು. ಅಪ್ಪ ಬೇಡ ಬೇಡ ಅನ್ನುವಷ್ಟರಲ್ಲಿ ಕೈ ಹೊರಗೆ ಬಂತು. ಕೈಯಲ್ಲಿ ಆಸ್ಪತ್ರೆಯ ಮಾತ್ರೆಯ ಹಾಳೆಗಳು. ಒಂದೂ ಒಡೆದಿರಲಿಲ್ಲ.

ಅತ್ತೆ ಮಾತ್ರೆ ನೋಡಿದಳು, ಅಪ್ಪನನ್ನು ನೋಡಿದಳು, ಆಮೇಲೆ ಅವನ ಪಾದ ನೋಡಿದಳು. ಪಾದಕ್ಕೆ ಅವನು ಹಳೇ ಬಟ್ಟೆ ಸುತ್ತಿ, ವಾಸನೆ ಬರದಿರಲಿ ಎಂದು ಮುಖಕ್ಕೆ ಹಚ್ಚುವ ಪೌಡರು ಸುರಿದಿದ್ದ. ಬಗ್ಗಿ ಬಟ್ಟೆ ಬಿಚ್ಚಿದಳು. ಹೆಬ್ಬೆರಳು, ಪಕ್ಕದ ಬೆರಳು ಎರಡೂ ಕಪ್ಪಾಗಿದ್ದವು. ಕೆಂಪು ಬಣ್ಣ ಪಾದದ ಅರ್ಧಕ್ಕೆ ಏರಿತ್ತು.

"ಅಣ್ಣ, ಇದೇನು ಮಾಡ್ಕೊಂಡೆ?"

"ಮಾತ್ರೆ ನುಂಗಿ ವಾಸಿಯಾದ್ರೆ ಹೆಸರು ಮಾತ್ರೆಗೆ ಹೋಗುತ್ತೆ ಕಣೇ. ನಿನ್ನ ಬೇರಿಂದಲೇ ವಾಸಿಯಾಗ್ಬೇಕು. ಆವಾಗ ಯಾರು ಬಾಯಿ ಬಿಡ್ತಾರೆ ನೋಡ್ತೀನಿ."

"ಬೇರಲ್ಲಿ ಏನೂ ಇರ್ಲಿಲ್ಲ ಅಂತ ಇಷ್ಟೊತ್ತು ಏನು ಕತೆ ಹೇಳ್ದೆ ನಾನು?"

"ಆ ನಿಮ್ಮ ದೊಡ್ಡೋರು ಹೆದರಿಸಿದಾರೆ, ನೀನು ಹೆದರಿದೀಯ."

"ಅವರು ಬಾಯಿ ಮುಚ್ಕೊಂಡಿರು ಅಂದ್ರು. ಮುಚ್ಚಲ್ಲ ಅಂದೋಳು ನಾನು!"

"ಹೋಗ್ಲಿ ಬಿಡು. ನೀನು ನಂಬದಿದ್ರೂ ನಾನು ನಂಬಿದೀನಿ. ನೀನು ಸೋತಿರಬಹುದು, ನಾನು ಸೋತಿಲ್ಲ."

ಮೈ ಉರಿದುಹೋಯಿತು ನನಗೆ. ಈ ಮನುಷ್ಯನಿಗೆ ಪ್ರೀತಿ ಮಾಡುವುದಕ್ಕೂ ಸರಿಯಾಗಿ ಬರುವುದಿಲ್ಲವಲ್ಲ ಅನ್ನಿಸಿತು. ತಂಗಿಯ ಮರ್ಯಾದೆಗೆ ತನ್ನ ಕಾಲು ಕೊಡಲು ಕೂತಿದ್ದಾನೆ, ಆ ತಂಗಿ ಎದುರಿಗೇ ನಿಂತು ಬೇಡ ಅನ್ನುತ್ತಿದ್ದಾಳೆ, ಇವನು ಜಪ್ಪಯ್ಯ ಅಂದರೂ ಕದಲುತ್ತಿಲ್ಲ. ಪೆಡಲಿನ ಮೇಲೆ ಅದೇ ಕಾಲಿಟ್ಟು ತುಳಿಯತೊಡಗಿದ.

ಅತ್ತೆ ಕೂಗಾಡಲಿಲ್ಲ. ಯಂತ್ರದ ಪಕ್ಕ ಕೂತು, ಚಕ್ರದ ಮೇಲಿನ ಚರ್ಮದ ಬೆಲ್ಟನ್ನು ಜಾರಿಸಿ ತೆಗೆದು, ಸುತ್ತಿ, ಆ ಗೋಣಿಚೀಲದಂಥ ಜೇಬಿನೊಳಗೆ ಇಳಿಸಿಬಿಟ್ಟಳು. ಅಪ್ಪನ ಕಾಲು ಆಡುತ್ತಿತ್ತು, ಯಂತ್ರ ಓಡುತ್ತಿರಲಿಲ್ಲ.

"ಏಯ್, ಬೆಲ್ಟ್ ಕೊಡೇ! ಆ ಜೇಬು ಹೊಲಿದವನು ನಾನು."

"ಆಸ್ಪತ್ರೆಯಿಂದ ಬಂದ ಮೇಲೆ ಇಸ್ಕೋ."

ಅಪ್ಪ ಸುಮ್ಮನಿರುವ ಕುಳವೇ? ಅತ್ತೆ ಬೀದಿಯ ಕೊನೆ ತಲುಪುವುದರೊಳಗೆ ಪೈಜಾಮದ ಲಾಡಿ ಹೆಣೆದು ಚಕ್ರಕ್ಕೆ ಕಟ್ಟಿದ. ಅದು ನಾಲ್ಕು ಹೊಲಿಗೆಗೆ ಜಾರಿತು. ಮತ್ತೆ ಕಟ್ಟಿದ, ಮತ್ತೆ ಜಾರಿತು. ನಾನು ಮಾತ್ರೆಯನ್ನು ಮುಂದಿಟ್ಟರೆ ತಿರುಗಿ ಕೂತ. ಅಮ್ಮ ಬಂದು ಬೈದು, ಅತ್ತು, ಕೊನೆಗೆ "ನಿನ್ನನ್ನ ಹೊತ್ಕೊಂಡು ಹೋಗೋಕೆ ಜನ ಕರೀತೀನಿ" ಎಂದು ಹೆದರಿಸಿದ ಮೇಲೆ ಅಪ್ಪ ಒಂದು ಮಾತು ಬಿಟ್ಟ.

"ಸರಿ. ನನ್ನ ಕಣ್ಣಾರೆ ತೋರಿಸಲಿ ಅವಳು. ಬೇರೂ ಕೊಳೆನೀರೂ ಒಂದೇ ಅಂತ ನನಗೆ ಕಂಡ್ರೆ ಆವಾಗ ಮಾತಾಡೋಣ."

ಮರುದಿನ ಬೆಳಿಗ್ಗೆಯೇ ಬಾಡಿಗೆ ಗಾಡಿಯಲ್ಲಿ ಹೊರಟೆವು. ಜ್ವರ ಹತ್ತಿತ್ತು, ಮೈ ಸುಡುತ್ತಿತ್ತು, ಆದರೂ ಅಪ್ಪ ಇಸ್ತ್ರಿ ಹಾಕಿದ ಅಂಗಿ ತೊಟ್ಟಿದ್ದ. ದಾರಿಯಲ್ಲಿ ಆಸ್ಪತ್ರೆ ಸಿಕ್ಕಿತು, ಗಾಡಿಯವನಿಗೆ ನಿಲ್ಲಿಸು ಎಂದೆ. ಅಪ್ಪ ಬಾಗಿಲಿನ ಹಿಡಿ ಬಿಗಿಯಾಗಿ ಹಿಡಿದು ಕೂತ. ಎಳೆದರೆ ಬಾಗಿಲೂ ಜೊತೆಗೆ ಬರುತ್ತಿತ್ತು, ಹಾಗಾಗಿ ಬಿಟ್ಟೆ. ಸಂಶೋಧನಾಲಯ ಬಂದಾಗ ನನ್ನ ಭುಜ ಹಿಡಿದು ಒಂಟಿಗಾಲಲ್ಲಿ ಮೆಟ್ಟಿಲು ಹತ್ತಿದ.

ಅಪ್ಪನ ಮಾತನ್ನು ರಾತ್ರಿಯೇ ಅತ್ತೆಗೆ ಮುಟ್ಟಿಸಿದ್ದೆ, ಅವಳು ಎರಡು ಬಟ್ಟಲು ತಯಾರಿಟ್ಟಿದ್ದಳು. ಯಾವುದು ಏನು ಎಂದು ತಳದಲ್ಲಿ ಬರೆದಿತ್ತು, ಮೇಲಿಂದ ನೋಡಿದರೆ ಎರಡೂ ಒಂದೇ. ಸೂಕ್ಷ್ಮದರ್ಶಕದ ಮುಂದಿನ ಸ್ಟೂಲಿನ ಮೇಲೆ ಅಪ್ಪನನ್ನು ಕೂರಿಸಿದಳು.

"ದೊಡ್ಡ ದೊಡ್ಡದು ಕಾಣ್ತಿದೆಯಲ್ಲ, ಅದು ಜೀವಕೋಶ. ಬಣ್ಣದ ಚುಕ್ಕೆ ಬ್ಯಾಕ್ಟೀರಿಯಾ. ಹೊಟ್ಟೇಲಿ ಚುಕ್ಕೆ ಜಾಸ್ತಿ ಇದ್ರೆ ಜಾಸ್ತಿ ನುಂಗಿದೆ ಅಂತ. ನಿಧಾನಕ್ಕೆ ನೋಡು."

ಅಪ್ಪ ಒಂದು ಕಣ್ಣು ಮುಚ್ಚಿ ನೋಡಿದ. ಬಟ್ಟಲು ಬದಲಾಯಿಸಿ ನೋಡಿದ. ಮತ್ತೆ ಮೊದಲನೆಯದನ್ನು ಕೇಳಿದ. ನೋಡನೋಡುತ್ತ ಅವನ ಮುಖ ಅರಳಿತು. ಎರಡನೆಯ ಬಟ್ಟಲಿಗೆ ಬೆರಳು ತೋರಿಸಿ ಎದೆ ಉಬ್ಬಿಸಿದ.

"ಇದು! ಇದು ನಿನ್ನ ಬೇರು. ಹೆಂಗೆ ತುಂಬ್ಕೊಂಡಿದೆ ನೋಡು ಹೊಟ್ಟೆ. ಇನ್ನೊಂದು ಸಪ್ಪೆ. ಕೊಳೆನೀರು ಇದರ ಹತ್ರ ಬರೋಕೆ ಆಗುತ್ತೇನೇ?"

ಅತ್ತೆ ಆ ಬಟ್ಟಲನ್ನು ಎತ್ತಿ, ತಳ ಕಾಣುವಂತೆ ಅವನ ಕಣ್ಣ ಮುಂದೆ ಹಿಡಿದಳು. ಅವಳ ದುಂಡನೆಯ ಅಕ್ಷರದಲ್ಲಿ ಬರೆದಿತ್ತು: ತೊಳೆದ ನೀರು.

ಅಷ್ಟರಲ್ಲಿ ಯಾರೋ ಹೇಳಿರಬೇಕು, ಮುಖ್ಯಸ್ಥರು ಒಳಗೆ ಬಂದರು. ಅಪ್ಪನ ಪಾದದ ಕಡೆ ನೋಡಿ ಮೂಗು ಹಿಂಡಿಕೊಂಡರು.

"ಏನು ಮೇಡಂ ಇದೆಲ್ಲ? ಹೊರಗಿನವರನ್ನ ಒಳಗೆ ಕರ್ಕೊಂಡು ಬಂದು..."

"ಹೊರಗಿನವರಲ್ಲ ಸರ್, ನನ್ನ ಅಣ್ಣ. ಯಾರಿಗೆ ಏನು ತೊಂದರೆ ಆಯ್ತು ಅಂತ ಮೊನ್ನೆ ಕೇಳಿದ್ರಲ್ಲ. ಇವನಿಗೆ ಆಯ್ತು, ಬೇರು ನಂಬಿ ಆಸ್ಪತ್ರೆ ಮಾತ್ರೆ ಬಿಟ್ಟ. ಬನ್ನಿ, ಹತ್ರ ಬಂದು ನೋಡಿ."

"ನಾವೇನು ಇವರಿಗೆ ಮಾತ್ರೆ ಬಿಡಿ ಅಂದಿದ್ವಾ?"

"ಅನ್ನಲಿಲ್ಲ. ಬೇರು ಹಿಡ್ಕೊಂಡು ನಗ್ತಾ ಫೋಟೋಗೆ ನಿಂತೆ. ಹಾಗೆ ನಿಂತವಳು ನಾನು, ಅದು ಸುಳ್ಳಾಯ್ತು ಅಂತ ಹೇಳೋಳೂ ನಾನೇ. ನಿಮ್ಮ ಮಾತ್ರೆ ಮೇಲೆ ನನ್ನ ಹೆಸರು ಬರಲ್ಲ. ಕೆಲಸ ತೆಗೀತೀರಾ, ತೆಗೀರಿ. ಈ ನೀರಿನ ಕತೆ ಮಾತ್ರ ಅದೇ ಪತ್ರಿಕೆಯೋರಿಗೆ ಹೇಳ್ತೀನಿ, ಕೇಳಿದೋರಿಗೂ ಹೇಳ್ತೀನಿ, ಕೇಳದೋರಿಗೂ ಹೇಳ್ತೀನಿ."

ಅಪ್ಪ ಮುಖ್ಯಸ್ಥರ ಕಡೆ ತಿರುಗಿಯೂ ನೋಡಲಿಲ್ಲ. ಬಟ್ಟಲಿನ ತಳವನ್ನೇ ನೋಡುತ್ತಿದ್ದ.

"ಬೆಲ್ಟ್ ಎಲ್ಲಿ?" ಎಂದು ಅತ್ತೆಯನ್ನು ಕೇಳಿದ.

"ಜೇಬಲ್ಲಿದೆ."

"ಅಲ್ಲೇ ಇರ್ಲಿ. ಆಸ್ಪತ್ರೆಗೆ ನಡಿ."

ಎರಡು ಬೆರಳು ಹೋದವು. ಪಾದ ಉಳಿಯಿತು. ಇನ್ನೂ ತಡ ಮಾಡಿದ್ದರೆ ಮೊಣಕಾಲಿಗೆ ಬರುತ್ತಿತ್ತು ಎಂದು ಅಲ್ಲಿನ ಡಾಕ್ಟರು ಅಪ್ಪನಿಗೆ ಚೆನ್ನಾಗಿ ಉಗಿದರು. ಅವನು ತಲೆ ತಗ್ಗಿಸಿ ಉಗಿಸಿಕೊಂಡ. ಜೀವಮಾನದಲ್ಲಿ ಅವನು ಎದುರುತ್ತರ ಕೊಡದೆ ಬೈಗುಳ ಕೇಳಿದ್ದು ಅದೊಂದೇ ಸಲ. ಅತ್ತೆ ಪಕ್ಕದಲ್ಲಿ ಕೂತು, ಮಾತ್ರೆಯನ್ನು ಅವನ ನಾಲಿಗೆಯ ಮೇಲಿಟ್ಟು, ಬಾಯಿ ತೆರೆಸಿ ನೋಡಿ, ನುಂಗಿದ್ದು ಖಾತ್ರಿಯಾದ ಮೇಲೇ ಏಳುತ್ತಿದ್ದಳು.

ಹೇಳಿದಂತೆ ಅವಳು ಪತ್ರಿಕೆಯವರಿಗೂ ಹೇಳಿದಳು. ಬೇರಿನ ಸುದ್ದಿ ಅರ್ಧ ಪುಟ ಬಂದಿತ್ತು, ಇದು ಹೆಬ್ಬೆರಳಗಲ ಬಂತು. ಮಾತ್ರೆಯ ಯೋಜನೆ ನಿಂತಿತು. ಕೆಲಸದಿಂದ ಅವಳನ್ನು ತೆಗೆಯಲು ಆಗಲಿಲ್ಲ, ಕೆಳಗಿನ ಮಹಡಿಯ ಗಾಜು ತೊಳೆಯುವ ಕೋಣೆಯ ಪಕ್ಕಕ್ಕೆ ತಳ್ಳಿದರು. ಅವಳು ಅಲ್ಲೂ ಬಾಲ ಮುದುರಿ ಕೂರಲಿಲ್ಲ. ಈಗ ಯಾರಾದರೂ ತಮ್ಮ ಎಲೆಯಲ್ಲೋ ತೊಗಟೆಯಲ್ಲೋ ಅದ್ಭುತ ಕಂಡೆವು ಎಂದು ಹಿಗ್ಗುತ್ತ ಬಂದರೆ ಅವಳ ಮೊದಲ ಪ್ರಶ್ನೆ, "ತೊಳೆದ ನೀರು ನೋಡಿದ್ರಾ?" ಬಂದವರಲ್ಲಿ ಅರ್ಧ ಜನ ಮುಖ ಊದಿಸಿಕೊಂಡು ಹೋಗುತ್ತಾರೆ. ಇನ್ನರ್ಧ ಜನ ಹೋಗಿ ನೋಡುತ್ತಾರೆ.

ಫೋಟೋ ಮಾತ್ರ ಗೋಡೆಯ ಮೇಲೇ ಇದೆ. ಅತ್ತೆ ಬಂದಾಗಲೆಲ್ಲ ಕಿತ್ತು ಹಾಕು ಅನ್ನುತ್ತಾಳೆ. "ಗೋಡೆ ನನ್ನದು" ಅನ್ನುತ್ತಾನೆ ಅಪ್ಪ.

ಕಳೆದ ವಾರ ಅತ್ತೆ ಹೊಸ ಕೋಟಿಗೆಂದು ಬಂದಿದ್ದಳು. ಅಳತೆ ನೋಡಲೆಂದು ಹಸಿಹೊಲಿಗೆ ಹಾಕಿ ತೊಡಿಸಿ, ಅಪ್ಪ ಭುಜದ ಹತ್ತಿರ ಸೀಮೆಸುಣ್ಣದ ಗೀಟು ಎಳೆಯುತ್ತಿದ್ದ. ಒಬ್ಬಾತ ತನ್ನ ತಾಯಿಯನ್ನು ಕರೆದುಕೊಂಡು ಬಂದ. ಅಜ್ಜಿಯ ಪಾದಕ್ಕೆ ಬಟ್ಟೆ ಸುತ್ತಿತ್ತು.

"ಕಹಿಬೇರು ಕಂಡುಹಿಡಿದೋರು ನಿಮ್ಮನೆಯೋರಂತೆ. ಅಮ್ಮಂಗೆ ಹುಣ್ಣು ವಾಸಿಯಾಗ್ತಿಲ್ಲ. ಒಳ್ಳೇ ಬೇರು ಎಲ್ಲಿ ಸಿಗುತ್ತೆ ಹೇಳ್ತೀರಾ?"

ಅಪ್ಪ ಸೀಮೆಸುಣ್ಣ ಕೆಳಗಿಟ್ಟ. ಬೂಟು ಬಿಚ್ಚಿದ, ಕಾಲುಚೀಲ ತೆಗೆದ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವನು ಲೋಟ ಇಡಲೂ ಬಿಡುವವನಲ್ಲ. ಅದೇ ಮೇಜಿನ ಮೇಲೆ, ಯಾರದೋ ಹೊಸ ಬಟ್ಟೆಯ ಪಕ್ಕ, ಪಾದ ಎತ್ತಿ ಇಟ್ಟ.

"ನೋಡಿ. ಆ ಬೇರು ನಂಬ್ಕೊಂಡು ಕೂತಿದ್ದಕ್ಕೆ ಇಷ್ಟು ಹೋಯ್ತು. ಬಿಟ್ಟಿದ್ದಕ್ಕೆ ಇಷ್ಟು ಉಳೀತು."

ಆತ ಗಾಬರಿಯಾಗಿ ಗೋಡೆಯ ಕಡೆ ಕೈ ತೋರಿಸಿದ. "ಹಂಗಾದ್ರೆ ಆ ಫೋಟೋ?"

"ಅದು ನನ್ನ ತಂಗಿ" ಎಂದ ಅಪ್ಪ. ಅವನ ದನಿಯಲ್ಲಿ ಹಳೆಯ ಜಂಬ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. "ಆ ಬೇರಲ್ಲಿ ಏನೂ ಇಲ್ಲ ಅಂತ ಕಂಡುಹಿಡಿದವಳು."

"ಏನೂ ಇಲ್ಲ ಅಂತ ನಾನೆಲ್ಲಿ ಹೇಳ್ದೆ ಅಣ್ಣ? ನಾನು ಹುಡುಕಿದ್ದು ಅದರಲ್ಲಿ ಸಿಗಲಿಲ್ಲ ಅಂದೆ. ಹೇಳಿದ್ರೆ ಸರಿಯಾಗಿ ಹೇಳು" ಎಂದು ಅತ್ತೆ ರೇಗಿದಳು. ರೇಗುತ್ತಲೇ ನೆಲಕ್ಕೆ ಕೂತು ಅಜ್ಜಿಯ ಪಾದದ ಬಟ್ಟೆ ಬಿಚ್ಚಿ ನೋಡಿದಳು. "ಏಳಿ ಅಜ್ಜಿ, ಆಸ್ಪತ್ರೆಗೆ ಹೋಗೋಣ. ನಾನೂ ಬರ್ತೀನಿ."

"ನಾನು ಬರಲ್ಲ" ಅಂದಳು ಅಜ್ಜಿ, ಸ್ಟೂಲಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡು. "ಅಲ್ಲಿ ಹೋದ್ರೆ ಕುಯ್ತಾರೆ. ಏನು ಮಾಡ್ತೀಯೋ ಮಾಡ್ಕೋ."

ಅತ್ತೆ ಅಜ್ಜಿಯ ಮಡಿಲಲ್ಲಿದ್ದ ಕೈಚೀಲವನ್ನು ಎತ್ತಿಕೊಂಡು ಕೋಟಿನ ಜೇಬಿಗೆ ತುರುಕಿದಳು. ಅರ್ಧ ಹೊರಗೇ ಉಳಿಯಿತು. "ಅಲ್ಲಿ ಕೊಡ್ತೀನಿ" ಎಂದು ಹಸಿಹೊಲಿಗೆಯ ದಾರಗಳನ್ನು ಇಳಿಬಿಟ್ಟುಕೊಂಡೇ ಬೀದಿಗಿಳಿದಳು. ಅಜ್ಜಿ ಬಾಯಿ ತುಂಬ ಬೈಯುತ್ತ, ಮಗನ ಕೈ ಹಿಡಿದು, ಚೀಲದ ಹಿಂದೆ ಹೊರಟಳು.

ಅಪ್ಪ ಬಾಗಿಲಲ್ಲಿ ನಿಂತು ಅವರು ತಿರುವು ದಾಟುವ ತನಕ ನೋಡಿದ. ಆಮೇಲೆ ಬೂಟು ಹಾಕಿಕೊಂಡು, ಅಳತೆಪಟ್ಟಿಗಾಗಿ ಕೈ ಚಾಚಿದ.

"ಜೇಬು ಇನ್ನೂ ಸ್ವಲ್ಪ ಆಳ ಬೇಕಿತ್ತು" ಅಂದ.